ಲಾರಿಯ ಗಾಲಿಯಡಿ ನಿಂಬೆಹಣ್ಣು

ನನ್ನ ಗಂಡನ ಲಾರಿ ಆರು ವರ್ಷ ನಮ್ಮ ತೋಟದ ಬೇಲಿ ಪಕ್ಕ ನಿಂತಿತ್ತು. ಅದನ್ನು ಮತ್ತೆ ರಸ್ತೆಗೆ ಇಳಿಸುತ್ತೇನೆ ಎಂದಾಗ ಊರಲ್ಲಿ ನಗದವರೇ ಇಲ್ಲ. ನಗಲಿ, ಅವರ ಹಲ್ಲು ಅವರದು. ಹಾಸ್ಟೆಲ್ಲಿನ ಅಡುಗೆ ಕೆಲಸ ಹೋಗಿ ನಾನು ಎರಡು ತಿಂಗಳಿಂದ ಮನೆಯಲ್ಲಿ ಕೂತಿದ್ದೆ. ಹೊಸದುರ್ಗದ ನಾರಿನ ಕಾರ್ಖಾನೆಯ ಯಜಮಾನರು, "ಹತ್ತು ದಿನದೊಳಗೆ ಆರ್‌ಟಿಓದಾಗೆ ಎಫ್‌ಸಿ ಆಗಿರೋ ಗಾಡಿ ತಂದು ನಿಲ್ಸಮ್ಮ, ತೆಂಗಿನ ಸಿಪ್ಪೆ ಲೋಡು ಹೊಡೆಯೋ ಕೆಲ್ಸ ನಿಂದೇ. ತಡ ಆದ್ರೆ ಬ್ಯಾರೆಯೋರಿಗೆ ಕೊಡ್ತೀನಿ" ಅಂದಿದ್ದರು. ಲಾರಿ ಎದ್ದರೆ ನಾನು ಎದ್ದೆ. ಇಲ್ಲದಿದ್ದರೆ ಯಾರದೋ ಮನೆಯ ಮುಸುರೆ ತಿಕ್ಕುವುದೇ ಗತಿ.

ಬೇಲಿಯ ಆಚೆ ನನ್ನ ಭಾವನವರ ತೋಟ. ಗಂಡನ ಅಣ್ಣ. ಒಂದು ಕಾಲದಲ್ಲಿ ಅಣ್ಣ ತಮ್ಮ ಇಬ್ಬರೂ ಸೇರಿ ಓಡಿಸುತ್ತಿದ್ದ ಗಾಡಿ ಇದು. ಭಾಗ ಆದಾಗ ಲಾರಿ ನಮಗೆ ಬಂತು, ಭಾವನಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನನ್ನ ಗಂಡ ಕಾಮಾಲೆಯಲ್ಲಿ ತೀರಿಕೊಂಡಾಗ ಆ ಮನುಷ್ಯ ಹನ್ನೊಂದನೇ ದಿನದ ಊಟಕ್ಕೆ ಕೂರದೆ ಎದ್ದು ಹೋದರು. ಅವತ್ತೇ ನನ್ನ ಪಾಲಿಗೆ ಸತ್ತರು. ಆಮೇಲೆ ಆರು ವರ್ಷ ನಾನು ಲಾರಿ ನಿಂತಿದ್ದ ಆ ಬೇಲಿಯ ಕಡೆಗೂ ತಲೆ ಹಾಕಿರಲಿಲ್ಲ. "ಅವಳೇನು ಗಾಡಿ ಇಟ್ಕಂತಾಳೆ, ಗುಜರಿಗೆ ಹಾಕ್ತಾಳೆ" ಎಂದು ಭಾವ ಹೇಳಿದ್ದು ಮಾತ್ರ ಹೇಗೋ ಕಿವಿಗೆ ಬಿದ್ದಿತ್ತು.

ಹೊಸದುರ್ಗದಿಂದ ಹಳೇ ಫಿಟ್ಟರ್ ಒಬ್ಬರನ್ನು ಕರೆದುಕೊಂಡು ಹೋದೆ. ಲಾರಿ ನೋಡಿದರೆ, ಲೈಟಿನ ವೈರನ್ನೆಲ್ಲ ಇಲಿ ಕಡಿದಿತ್ತು, ಸೀಟಿನ ಸ್ಪಂಜು ಹೊರಗೆ ಬಿದ್ದಿತ್ತು, ಬಾಡಿಯ ಹಲಗೆಗೆ ಗೆದ್ದಲು ಹತ್ತಿತ್ತು. ಫಿಟ್ಟರು ಬಾನೆಟ್ಟು ಎತ್ತುತ್ತಾ, "ಆರು ವರ್ಷ ಅಂದ್ರೆ ಇಂಜಿನ್ ಜಾಮ್ ಆಗಿರ್ತೈತೆ ಕಣಕ್ಕ, ಆಸೆ ಇಟ್ಕಬೇಡ್ರಿ" ಎಂದರು. ನಾನು ಸುತ್ತಲೂ ನೋಡುತ್ತಾ ಮುಂದಿನ ಗಾಲಿಯ ಹತ್ತಿರ ಬಗ್ಗಿದೆ.

ನಿಂಬೆಹಣ್ಣು. ಒಂದಲ್ಲ ಎರಡಲ್ಲ. ಕಪ್ಪಗೆ ಒಣಗಿದ ಸಿಪ್ಪೆಗಳು ಮಣ್ಣಿಗೆ ಮೆತ್ತಿಕೊಂಡಿದ್ದವು. ಮೇಲೆ ಇನ್ನೂ ಹಳದಿ ಬಣ್ಣ ಹೋಗದ ಎರಡು, ಅವಕ್ಕೆ ಕುಂಕುಮ. ಹಿಂದಿನ ಗಾಲಿಗಳಲ್ಲೂ ಅದೇ. ಅಮಾವಾಸ್ಯೆಗೆ ಗಾಡಿ ಪೂಜೆ ಮಾಡಿ ಗಾಲಿಯಡಿ ನಿಂಬೆಹಣ್ಣು ಇಡುವುದು ನನಗೇನು ಹೊಸದಲ್ಲ. ನನ್ನ ಗಂಡನಿಗೆ ತಿಂಗಳು ತಿಂಗಳು ಹಣ್ಣು ತೊಳೆದು ಕೊಟ್ಟವಳೇ ನಾನು. ಆದರೆ ನಿಂತ ಗಾಡಿಗೆ ಯಾವ ಅಮಾವಾಸ್ಯೆ? ಯಾರು ಇಡಬೇಕು? ಮಾಟ! ನನ್ನ ಬಾಳು ಹಾಳಾಗಲಿ ಎಂದು ಬೇಲಿ ಹಾರಿ ಬಂದು ಮಾಟ ಮಾಡಿಸಿದ್ದಾರೆ.

ಸಿಕ್ಕಷ್ಟನ್ನು ಸೆರಗಿಗೆ ಬಳಿದುಕೊಂಡು ಹೊರಟೆ. "ಅಕ್ಕಾ, ನಿಂತ್ಕಳ್ರಿ" ಎಂದು ಫಿಟ್ಟರು ಕೂಗುತ್ತಿದ್ದರು. ನಾನು ನಿಲ್ಲಲಿಲ್ಲ.

ಭಾವ ಜಗಲಿಯಲ್ಲಿ ಕೂತು ತೆಂಗಿನಕಾಯಿ ಎಣಿಸುತ್ತಿದ್ದರು. ಅದುವರೆಗೆ ಒಂದು ದಿನವೂ ಅವರ ಮುಂದೆ ದನಿ ಎತ್ತಿದವಳಲ್ಲ. ಸೆರಗಿನಲ್ಲಿದ್ದುದನ್ನೆಲ್ಲ ಹೊಸ್ತಿಲಿಗೆ ಎಸೆದೆ.

"ಏನಯ್ಯಾ, ತಮ್ಮನ್ನ ಮಣ್ಣಿಗಿಟ್ಟಿದ್ದು ಸಾಲ್ಲಿಲ್ವಾ? ಅವನ ಗಾಡಿಗೂ ಮಾಟ ಮಾಡಿಸ್ತೀಯಾ? ಇದನ್ನ ಇಟ್ಟ ಕೈ ಸೇದೋಗ್ಲಿ!"

ಬೀದಿಯವರೆಲ್ಲ ಬಂದು ನಿಂತರು. ಭಾವ ಸಿಪ್ಪೆಗಳನ್ನು ನೋಡಿದರು, ನನ್ನನ್ನು ನೋಡಿದರು. "ತಗಂಡು ಹೋಗಮ್ಮ ನಿನ್ನ ಗಾಡಿನ" ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಗೆದ್ದಂತಾಯಿತು.

ವಾಪಸು ಬಂದರೆ ಫಿಟ್ಟರು ಇಂಜಿನ್ನಿಗೆ ರಾಡು ಹಾಕಿ ತಿರುಗಿಸುತ್ತಿದ್ದರು. ಅದು ಸಲೀಸಾಗಿ ತಿರುಗುತ್ತಿತ್ತು.

"ಇದು ನಿಂತ ಇಂಜಿನ್ ಅಲ್ಲ ಕಣಕ್ಕ. ಆಯಿಲ್ ನೋಡ್ರಿ, ಯಾರೋ ಬದಲಾಯಿಸ್ಯಾರೆ. ಟೈರು ಒಂದೇ ಕಡೆ ಕುಂತಿಲ್ಲ. ನೀವು ಬಳ್ಕಂಡು ಹೋದ್ರಲ್ಲ, ಆ ಹಣ್ಣು ಒಡೆದು ಚಪ್ಪಟೆ ಆಗಿದ್ವು. ಗಾಲಿ ಉರುಳದೆ ಹಣ್ಣು ಹೆಂಗೆ ಒಡೀತೈತೆ?"

ನಾನು ಮತ್ತೆ ಗಾಲಿಯ ಹತ್ತಿರ ಬಗ್ಗಿ ನೋಡಿದೆ.

"ಈ ಗಾಡಿ ಬ್ಯಾಟರಿ ಸತ್ತೈತೆ. ಟ್ರ್ಯಾಕ್ಟರ್ ಬ್ಯಾಟರಿ ಏನೋ ತಂದು ಚಾಲೂ ಮಾಡಿ, ಗಾಲಿ ಒಂದು ಸುತ್ತು ಮುಂದೆ, ಒಂದು ಸುತ್ತು ಹಿಂದೆ ಓಡ್ಸ್ಯಾರೆ. ತಿಂಗಳು ತಿಂಗಳು. ಯಾರಕ್ಕ ಅದು?"

ಈ ಸುತ್ತಿನಲ್ಲಿ ಟ್ರ್ಯಾಕ್ಟರ್ ಇದ್ದದ್ದು ಒಂದೇ ತೋಟದಲ್ಲಿ. ನಾಚಿಕೆಯಾಗಬೇಕಿತ್ತು. ಆದರೆ ನನಗೆ ಬಂದದ್ದು ಸಿಟ್ಟು. ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಊರ ಮುಂದೆ ನನ್ನನ್ನು ಬಜಾರಿ ಮಾಡಿದರಲ್ಲ! ಸರಿ, ನಾನೂ ಹೋಗಿ ಮಾತಾಡಿಸುವುದಿಲ್ಲ ಎಂದುಕೊಂಡೆ.

ಒಂದು ವಾರ ಕೆಲಸ ನಡೆಯಿತು. ಡೀಸೆಲ್ ಟ್ಯಾಂಕು ಇಳಿಸಿ ತಳದ ಗಸಿ ತೊಳೆದರು, ಫಿಲ್ಟರು ಬದಲಾಯಿಸಿದರು, ಬ್ರೇಕು ಬಿಚ್ಚಿ ಕಟ್ಟಿದರು, ಹೊಸ ವೈರು ಎಳೆದರು. ಎಂಟನೇ ದಿನ ಚಾಲೂ ಮಾಡಿದರೆ ಇಂಜಿನ್ ಕೆಮ್ಮಿ ಕೆಮ್ಮಿ ಆಫ್ ಆಗುತ್ತದೆ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಫಿಟ್ಟರು ನಟ್ಟು ಸಡಿಲಿಸುವುದು, ಪಂಪು ಒತ್ತುವುದು, ಮತ್ತೆ ಬಿಗಿಯುವುದು. ಮಧ್ಯಾಹ್ನವಾದರೂ ಅದೇ ರಾಗ. ಮರುದಿನವೇ ಚಿತ್ರದುರ್ಗದ ಆರ್‌ಟಿಓ ಕಚೇರಿಯಲ್ಲಿ ಗಾಡಿ ತೋರಿಸಿ ಎಫ್‌ಸಿ ಮಾಡಿಸಬೇಕಿತ್ತು.

"ಮೇಲಿನ ನಟ್ಟು ಎಷ್ಟು ಬಿಗಿದ್ರೂ ಅಷ್ಟೇ ಕಣ್ರಿ. ಫಿಲ್ಟರ್ ಕೆಳಗಡೆ ತಾಮ್ರದ ವಾಷರ್ ಐತೆ. ಅಲ್ಲಿ ಗಾಳಿ ಎಳೀತೈತೆ. ಈ ಗಾಡಿಗೆ ಹುಟ್ಟಿದಾಗಿಂದ ಅದೇ ಚಾಳಿ."

ಬೇಲಿಯ ಆಚೆ ಭಾವ ನಿಂತಿದ್ದರು. ಮಾತೆಲ್ಲ ಫಿಟ್ಟರಿಗೆ. ನಾನೊಬ್ಬಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ಫಿಟ್ಟರು ವಾಷರ್ ಬದಲಾಯಿಸಿ ಪಂಪು ಒತ್ತಿದರು. ಲಾರಿ ಒಂದೇ ಸಲಕ್ಕೆ ಚಾಲೂ ಆಯಿತು, ಕರಿ ಹೊಗೆ ತೆಂಗಿನ ಗರಿಗಳವರೆಗೂ ಎದ್ದಿತು.

ಧನ್ಯವಾದ ಹೇಳಬೇಕಾದ ಬಾಯಿ ಬೇರೇನೋ ಹೇಳಿತು. "ಹೇಳಕ್ಕೆ ಏನಾಗಿತ್ತು ನಿಮಗೆ ರೋಗ? ಆರು ವರ್ಷ!"

"ನೀನು ಕೇಳಿದ್ಯಾ? ಹೊಸ್ತಿಲಿಗೆ ಎಸೆದು ಹೋದೆ."

"ಊಟಕ್ಕೆ ಕೂರದೆ ಎದ್ದು ಹೋದೋರು ನೀವು."

"ತಮ್ಮನ ಹನ್ನೊಂದನೇ ದಿನದ ಊಟ ಗಂಟಲಲ್ಲಿ ಇಳಿಬೇಕಲ್ಲಮ್ಮ!" ಭಾವನ ದನಿಯೂ ಏರಿತು. "ನಿನಗೋಸ್ಕರ ಮಾಡಿದ್ದು ಅಂತ ತಿಳ್ಕಬೇಡ. ಗಾಡಿಗೆ ಮಾಡಿದ್ದು."

ಜೇಬಿನಿಂದ ಲಾರಿಯ ಇನ್ನೊಂದು ಕೀ ತೆಗೆದು ಬೇಲಿಯ ಮೇಲಿಂದ ಚಾಚಿದರು. ನಾನು ಸೇದಿಹೋಗಲಿ ಎಂದಿದ್ದ ಕೈ. "ಇನ್ನು ನೀನೇ ನೋಡ್ಕ" ಎಂದರು. ಬೇಡ, ನಿಮ್ಮ ಹತ್ತಿರವೇ ಇರಲಿ ಎನ್ನಬೇಕಿತ್ತು. ಎನ್ನಲಿಲ್ಲ. ಕಿತ್ತುಕೊಂಡವಳಂತೆ ತೆಗೆದುಕೊಂಡೆ.

ಎಫ್‌ಸಿ ಆಯಿತು, ಸಿಪ್ಪೆ ಹೊಡೆಯುವ ಕೆಲಸವೂ ಸಿಕ್ಕಿತು. ಪಕ್ಕದ ಹಳ್ಳಿಯ ಡ್ರೈವರ್ ಒಬ್ಬನನ್ನು ಇಟ್ಟುಕೊಂಡೆ. ಅಮಾವಾಸ್ಯೆ ಬಂತು. ಹಣ್ಣು ತೊಳೆದು, ಕುಂಕುಮ ಹಚ್ಚಿ ಗಾಲಿಯಡಿ ನಾನೇ ಇಟ್ಟೆ. ಲಾರಿ ಉರುಳಿ ಹಣ್ಣು ಪಟ್ಟೆಂದು ಒಡೆಯಿತು. ಆರು ವರ್ಷ ಪ್ರತಿ ತಿಂಗಳು ಆ ಸದ್ದು ಕೇಳಿದ್ದು ಭಾವ ಒಬ್ಬರೇ. ತಪ್ಪಾಯಿತು ಅನ್ನುವ ಮಾತು ನನ್ನ ನಾಲಿಗೆಗೆ ಬರುವಂಥದ್ದಲ್ಲ. ಡ್ರೈವರನಿಗೆ, "ತೋಟದ ದಾರಿಲಿ ಹೋಗು, ನಮ್ಮ ಭಾವನ ಮನೆ ಮುಂದೆ ಜೋರಾಗಿ ಹಾರನ್ ಹೊಡಿ" ಎಂದೆ.

ಸಾಯಂಕಾಲ ಅವನು ಮುಖ ಸಿಂಡರಿಸಿಕೊಂಡು ಬಂದ.

"ಈಚೆಗೆ ಬಂದ್ರು ಕಣಕ್ಕ. ಕ್ಲಚ್ ಪೂರಾ ತುಳಿಯಕ್ಕೆ ಬರಲ್ವೇನಲೇ, ಗೇರು ಕಿರ್ ಅಂತೈತೆ, ನಿನಗ್ಯಾವನು ಲೈಸೆನ್ಸ್ ಕೊಟ್ಟೋನು ಅಂತ ಊರ ಮುಂದೆ ಬೈದ್ರು. ನಾಳೆಯಿಂದ ಆ ದಾರಿ ನಂಗೆ ಬ್ಯಾಡ."

"ಬೈಸ್ಕ. ದಿನಾ ಆ ದಾರಿಲೇ ಹೋಗು" ಎಂದೆ.