ನಿಂತಲ್ಲೇ ಇದ್ದ ಸೂರ್ಯ

‘ಪಾಠ ಬಿಟ್ಟು ಮಕ್ಕಳನ್ನ ಕುಣಸ್ತಿದ್ರು’ ಎಂದು ಶಾಲೆಯಲ್ಲಿ ನಮಗೆ ಕಲಿಸಿದ ಅಕ್ಕೋರ ಬಗ್ಗೆ ಕುಷ್ಟಗಿಯ ನಮ್ಮ ಓಣಿ ಈಗಲೂ ಹೇಳುತ್ತದೆ. ನಾನು ಒಪ್ಪುವುದಿಲ್ಲ, ಕುಣಿತವೇ ಅವರ ಪಾಠ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿದರೆಂದರೆ ನಾವು ಪಾಟಿಚೀಲಗಳನ್ನು ಗೋಡೆಗೆ ಸರಿಸುತ್ತಿದ್ದೆವು. ‘ಮೊದಲು ಮೈಗೆ ತಿಳೀಲಿ, ಆಮ್ಯಾಲೆ ಬಾಯಿಗೆ’ ಎನ್ನುವರು.

ಭೂಮಿ ತಿರುಗುತ್ತದೆ ಎಂದ ದಿನ ನಾನು ಜಗಳಕ್ಕೆ ನಿಂತೆ. ‘ಸೂರ್ಯನ ತಿರಗತಾನ್ರಿ ಅಕ್ಕೋರ, ದಿನಾ ನೋಡೀನಿ.’

‘ಹೌದೇನ್ರಿ ವಕೀಲರ? ನಾ ಸೂರ್ಯ. ನೀವು ಭೂಮಿ ಆಗಿ ಮೆಲ್ಲಕ ತಿರುಗ್ರಿ.’

ತಿರುಗಿದೆ. ಅವರ ಮುಖ ಒಂದು ಬದಿಯಿಂದ ಮೂಡಿ ಇನ್ನೊಂದು ಬದಿಗೆ ಮುಳುಗಿತು. ಅವರು ನಿಂತಲ್ಲೇ ಇದ್ದರು. ವಾದದಲ್ಲಿ ಸೋತು ನಾನು ಖುಷಿಪಟ್ಟದ್ದು ಅದೊಂದೇ ಸಲ.

ಮರುವರ್ಷ ಅವರಿಗೆ ಯಲಬುರ್ಗಾಕ್ಕೆ ವರ್ಗವಾಯಿತು. ಈಗ ಚರ್ಚಾಸ್ಪರ್ಧೆ ಗೆದ್ದು ವೇದಿಕೆ ಇಳಿಯುವಾಗಲೆಲ್ಲ ಆ ಮುಖವನ್ನು ಹುಡುಕುತ್ತೇನೆ. ಅಕ್ಕೋರ, ಸರಿದು ಹೋದವರು ನೀವೋ, ಇಲ್ಲಾ ನಾನ ತಿರುಗಿಬಿಟ್ಟೆನೇನ್ರಿ?