ಅಪ್ಪಣೆ ಕೊಟ್ಟವರದೇ ದನಿ: ಟೈರು ಇಂಜಿನಿಯರ್ ಓರ್ನೆಲ್ಲಾ ಬಾಬಿನಿ

ಕಾರೋಟದ ಲೋಕ ನೆನಪಿಡುವುದು ಗೆದ್ದ ಚಾಲಕರನ್ನು. ಅವರ ಕೊರಳಿಗೆ ಹಾರ ಬೀಳುವ ಹೊತ್ತಿಗೆ, ಅವರನ್ನು ಅಲ್ಲಿಯವರೆಗೆ ಹೊತ್ತು ತಂದ ಟೈರುಗಳು ಯಾವುದೋ ತಳ್ಳುಗಾಡಿಯ ಮೇಲೆ ರಾಶಿಬಿದ್ದಿರುತ್ತವೆ. ಆ ರಾಶಿಯ ಮುಂದೆ ಮಂಡಿಯೂರಿ, ರಬ್ಬರಿನ ಮೈ ಸವರಿ, ಓಡಿಸಿದವನ ಗುಣದೋಷ ಹೇಳಬಲ್ಲವರು ಇಟಲಿಯ ನಮ್ಮ ರೊಮಾನ್ಯಾ ಸೀಮೆಯಲ್ಲಿ ಹಲವರಿದ್ದಾರೆ. ತಿಳಿದದ್ದನ್ನು ತಂಡದ ಇಬ್ಬರು ಚಾಲಕರಿಗೂ ಸಮನಾಗಿ ಹಂಚಿದವರು ತೀರ ಕಡಿಮೆ. ಇಮೋಲಾದ ಸಾಂತೆರ್ನೋ ತಂಡದಿಂದ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಓರ್ನೆಲ್ಲಾ ಬಾಬಿನಿಯವರ ಹೆಸರನ್ನು ಆ ಕಡಿಮೆಯವರಲ್ಲಿ ಮೊದಲು ಬರೆಯಬೇಕು.

ಬೊಲೋನ್ಯಾದಲ್ಲಿ ಇಂಜಿನಿಯರಿಂಗ್ ಓದಿ ತಂಡ ಸೇರಿದಾಗ ಅವರಿಗೆ ಸಿಕ್ಕದ್ದು ಟೈರುಗಳ ಶೆಡ್ಡು. ಅಲ್ಲಿ ಅವರು ಮಾಡಿದ ಮೊದಲ ಜಗಳ ಮೆಕ್ಯಾನಿಕ್ ದುಯೀಲಿಯೋನಿಗಾಗಿ. ಟೈರು ಬಿಸಿಮಾಡುವ ಕಂಬಳಿಗೆ ತಗುಲಿ ಅವನ ಕೈ ಸುಟ್ಟಿತ್ತು. ಅವನನ್ನು ಮನೆಗೆ ಕಳಿಸಿ ಬೇರೊಬ್ಬನನ್ನು ತರುವ ಮಾತು ಎದ್ದಾಗ, "ಅವನು ಬರೋತನಕ ಅವನ ಟೈರು ನಾನು ಹೊರ್ತೀನಿ" ಎಂದರು, ಹೊತ್ತರು ಕೂಡ. ದುಯೀಲಿಯೋ ಇಂದಿಗೂ ಓಟದ ದಾರಿಯ ಪಕ್ಕ ಕಾರುಗಳ ಟೈರು ಬದಲಿಸುವ ಪಿಟ್ಟಿನಲ್ಲಿದ್ದಾನೆ, ಅವನ ಹರಿತವಾದ ಬಾಯಿಯೂ ಹಾಗೆಯೇ ಇದೆ.

ಎರಡನೆಯ ಜಗಳ ಹೊಸ ಟೈರುಗಳದು. ಒಳ್ಳೆಯ ಜೊತೆಗಳೆಲ್ಲ ಮೊದಲ ಚಾಲಕನಿಗೆ, ಉಳಿದದ್ದು ಎರಡನೆಯವನಿಗೆ ಎಂಬ ಪದ್ಧತಿಯನ್ನು ಎಲ್ಲ ತಂಡಗಳೂ ಪ್ರಕೃತಿನಿಯಮದಂತೆ ಪಾಲಿಸುತ್ತಿದ್ದ ಕಾಲವದು. ಓರ್ನೆಲ್ಲಾ ಚೀಟಿ ಎತ್ತಿಸತೊಡಗಿದರು. ಮೊದಲ ಚಾಲಕ ಕೊರ್ರಾದೋ ವಾಲ್ತಾಂಕೋಲಿ ಕೆರಳಿದ.

"ಸಿನ್ಯೋರಾ, ನಾನು ಚಾಂಪಿಯನ್ ಆಗ್ಬೇಕೋ, ಲಾಟರಿ ಆಡ್ಬೇಕೋ?"

"ಎರಡೂ ಮಾಡಪ್ಪ. ಮೊದಲು ಚೀಟಿ ಎತ್ತು."

ಎರಡನೆಯವನು ನೇವಿಯೋ ಜೌಲಿ, ಫೋರ್ಲಿಯ ಬೇಕರಿಯವರ ಮಗ. ರೇಡಿಯೋದಲ್ಲಿ ಅವನ ಕಿವಿಗೆ ಮಾತಾಡುವ ಹೊಣೆಯೂ ಓರ್ನೆಲ್ಲಾ ಅವರದೇ. ಆ ವರ್ಷ ತಂಡದ ಯಜಮಾನ ಮಾಂಬೆಲ್ಲಿ ಪತ್ರಕರ್ತರನ್ನು ಕೂರಿಸಿಕೊಂಡು ಘೋಷಿಸಿದ್ದರು: ಇಮೋಲಾದ ರೇಸಿನಲ್ಲೂ ನೇವಿಯೋ ಕೊರ್ರಾದೋನ ಹಿಂದೆಯೇ ಮುಗಿಸಿದರೆ ಮುಂದಿನ ವರ್ಷ ಅವನಿಗೆ ಕಾರಿಲ್ಲ, ಮುಂದೆ ಮುಗಿಸಿದರೆ ಇದೆ.

ರೇಸಿನ ದಿನ ಕೊರ್ರಾದೋ ಮುಂದೆ, ನೇವಿಯೋ ಅವನ ಬೆನ್ನಿಗೇ ಅಂಟಿಕೊಂಡು.

"ಹಿಡಿದೇಬಿಡ್ತೀನಿ, ಸಿನ್ಯೋರಾ! ಅವನ ಬಾಲ ಕಾಣ್ತಿದೆ!"

"ಬಾಲ ನೋಡಿದ್ದು ಸಾಕು, ಹಿಂದಕ್ಕೆ ಸರಿ. ಅವನು ಉಗುಳೋ ಬಿಸಿಗಾಳೀಲಿ ನಿನ್ನ ಮುಂದಿನ ಟೈರು ಬೇಯ್ತಿದೆ."

"ಹಿಂದೆ ಬಿದ್ರೆ ನನ್ನ ಸೀಟು ಹೋಗುತ್ತೆ!"

"ಟೈರು ಸತ್ರೆ ಸೀಟು ಉಳಿಯುತ್ತಾ? ಹಿಂದಕ್ಕೆ ಸರಿ ಅಂದೆ."

ನೇವಿಯೋ ಹಲ್ಲುಕಚ್ಚಿ ಸರಿದ. ಅಂತರ ಬೆಳೆದಂತೆ ತಣ್ಣನೆಯ ಗಾಳಿ ಕುಡಿದು ಅವನ ಟೈರುಗಳು ಮತ್ತೆ ನೆಲ ಕಚ್ಚತೊಡಗಿದವು. ಪಿಟ್ಟಿನ ಗೋಡೆಯ ಬಳಿ ಮಾಂಬೆಲ್ಲಿ ತಲೆದೂಗಿದರು: "ಹುಡುಗನಿಗೆ ತನ್ನ ಜಾಗ ಗೊತ್ತು, ಬಿಡು." ಓರ್ನೆಲ್ಲಾ ಅವರ ಕಣ್ಣು ಕೊರ್ರಾದೋನ ಹಿಂದಿನ ಚಕ್ರಗಳ ಮೇಲಿತ್ತು. ತಿರುವು ಬಿಟ್ಟು ಹೊರಡುವಾಗಲೆಲ್ಲ ಅವು ಜಾರುತ್ತಿದ್ದವು, ರಬ್ಬರು ಸಿಪ್ಪೆಯೆದ್ದಿತ್ತು.

ಕೊನೆಯ ಸುತ್ತುಗಳು ಬಂದಾಗ ರೇಡಿಯೋದಲ್ಲಿ ನೇವಿಯೋಗೆ, "ಈಗ ಹೋಗು" ಎಂದರು. ಹಿಂದೆ ಬಿದ್ದಿದ್ದ ಕಾರು ಹತ್ತಿರವಾಗುತ್ತ ಬಂದದ್ದು ಕಂಡು ಮಾಂಬೆಲ್ಲಿಯ ಮುಖ ಬದಲಾಯಿತು.

"ಮುಂದಕ್ಕೆ ಹೋಗ್ಬಾರ್ದು ಅಂತ ಹೇಳು ಅವನಿಗೆ."

ಇಲ್ಲೊಂದು ಮಾತು. ಮಾಂಬೆಲ್ಲಿ ಎಂದೂ ರೇಡಿಯೋದಲ್ಲಿ ತಾವೇ ಮಾತಾಡಿದವರಲ್ಲ. ತಗ್ಗಿ ನಡೆ ಎಂಬ ಅಪ್ಪಣೆಯೆಲ್ಲ ಇಂಜಿನಿಯರುಗಳ ಬಾಯಲ್ಲಿ ಹೊರಡುತ್ತಿತ್ತು. ಮರುದಿನ ಯಾರಾದರೂ ಕೇಳಿದರೆ, "ಅದು ಇಂಜಿನಿಯರ್ ತೀರ್ಮಾನ" ಎಂದು ಕೈತೊಳೆದುಕೊಳ್ಳುತ್ತಿದ್ದರು. ಗೆಲ್ಲದಿದ್ದರೆ ಹೊರಗೆ ಎಂದ ನಾಲಿಗೆಯೇ ಈಗ ಗೆಲ್ಲಬೇಡ ಎನ್ನುತ್ತಿತ್ತು, ಅದನ್ನೂ ಬೇರೆಯವರ ಬಾಯಿಂದ! ಕೆಳಗಿನವರನ್ನು ಕೆಳಗೇ ಇಡುವ ಕೆಲಸ ಎಲ್ಲೆಡೆಯೂ ನಡೆಯುವುದು ಹೀಗೆಯೇ: ಇಡಿಸುವವರು ಕಾಣುವುದಿಲ್ಲ.

ಓರ್ನೆಲ್ಲಾ ಹೆಡ್‌ಫೋನ್ ಕಳಚಿ ಮಾಂಬೆಲ್ಲಿಯ ಕೈಗಿಟ್ಟರು.

"ನೀವೇ ಹೇಳಿ, ಯಜಮಾನ್ರೇ. ಆ ಕೆಂಪು ಗುಂಡಿ ಒತ್ತಿ ಮಾತಾಡಿ."

"ತಲೆ ಕೆಟ್ಟಿದೆಯಾ ನಿಂಗೆ?"

"ನಿಮ್ಮ ಮಾತು ನಿಮ್ಮ ಬಾಯಲ್ಲೇ ಬರ್ಲಿ. ಇಷ್ಟು ವರ್ಷ ನನ್ನ ಬಾಯಿ ಎರವಲು ಕೊಟ್ಟಿದ್ದು ಸಾಕು."

ಪಿಟ್ಟಿಗೆ ಪಿಟ್ಟೇ ನೋಡುತ್ತಿತ್ತು. ಹಿಂದಿನಿಂದ ದುಯೀಲಿಯೋ ಕೂಗಿದ: "ಒತ್ತಿ ಯಜಮಾನ್ರೇ, ಕರೆಂಟೇನೂ ಹೊಡೆಯಲ್ಲ!"

ಮಾಂಬೆಲ್ಲಿ ಒತ್ತಲಿಲ್ಲ. ಆ ಮೌನದಲ್ಲೇ ನೇವಿಯೋ ತೋಸಾ ತಿರುವಿನ ಒಳಮಗ್ಗುಲಲ್ಲಿ ಕಾರಿನ ಮೂತಿ ತೋರಿಸಿ, ಕೊರ್ರಾದೋ ಹೆದರಿ ಅಡ್ಡ ಬಂದು ದಾರಿ ಮುಚ್ಚುವಂತೆ ಮಾಡಿದ. ಮುಚ್ಚುವ ಭರದಲ್ಲಿ ಕೊರ್ರಾದೋನ ಟೈರುಗಳಲ್ಲಿ ಉಳಿದಿದ್ದ ಜೀವವೂ ಹೋಯಿತು. ರಿವಾಜ್ಜಾ ಇಳಿಜಾರಿನಿಂದ ಹೊರಬರುವಾಗ ಕೊರ್ರಾದೋ ಜಾರಿದ, ನೇವಿಯೋ ಜಾರಲಿಲ್ಲ. ಪಿಟ್ಟಿನ ಮುಂದಿನ ನೇರದಾರಿಯಲ್ಲಿ ಇಬ್ಬರೂ ಜೋಡಿಯಾಗಿ ಹಾದುಹೋದರು. ತಂಬುರೆಲ್ಲೋ ತಿರುವಿನಲ್ಲಿ ನೇವಿಯೋ ಕೊನೆಯ ಕ್ಷಣಕ್ಕೆ ಬ್ರೇಕ್ ಒತ್ತಿ, ಜೊತೆಗಾರನಿಗೆ ಒಂದು ಕಾರಿನಷ್ಟು ಜಾಗ ಬಿಟ್ಟು, ಮುಂದೆ ಹೋದ, ಮುಂದೆಯೇ ಮುಗಿಸಿದ.

ಕೊರ್ರಾದೋ ಹೆಲ್ಮೆಟ್ ಕಿತ್ತವನೇ ನೇರ ಓರ್ನೆಲ್ಲಾ ಬಳಿ ಬಂದ. "ಅವನಿಗೆ ಹಿಂದಕ್ಕೆ ಸರಿ ಅಂದ್ರಂತಲ್ಲ, ನಂಗ್ಯಾಕೆ ಹೇಳ್ಲಿಲ್ಲ?"

"ಬೆಳಿಗ್ಗೆ ಇಬ್ಬರಿಗೂ ಹೇಳಿದ್ದೆ, ಟೈರಿಗೆ ಉಸಿರಾಡೋಕೆ ಬಿಡಿ ಅಂತ."

ಅವನು ನೆಲ ನೋಡಿದ. "ಹೇಳಿದ್ರಿ. ಲಾಟರಿ ಯೋಚನೇಲಿದ್ದೆ."

ಪತ್ರಕರ್ತರೆದುರು ಆಡಿದ ಮಾತನ್ನು ಮಾಂಬೆಲ್ಲಿ ನುಂಗಲಾಗಲಿಲ್ಲ. ನೇವಿಯೋನ ಸೀಟು ಉಳಿಯಿತು. ಓರ್ನೆಲ್ಲಾ ಅವರ ರೇಡಿಯೋ ಉಳಿಯಲಿಲ್ಲ. ಮಾಂಬೆಲ್ಲಿ ತಂಡ ಬಿಡುವವರೆಗೂ ಅವರನ್ನು ಶೆಡ್ಡಿಗೇ ಸೀಮಿತಗೊಳಿಸಲಾಯಿತು. ಅದನ್ನು ಶಿಕ್ಷೆಯೆಂದು ಕಳಿಸಿದವರು ಎಣಿಸಿದ್ದರು. ಆದರೆ ಚಾಲಕರೇ ಅಲ್ಲಿಗೆ ನಡೆದುಬಂದು, ರಬ್ಬರಿನ ವಾಸನೆಯ ನಡುವೆ ಅವರ ಜೊತೆ ಪಿಯಾದೀನಾ ರೊಟ್ಟಿ ತಿನ್ನುತ್ತ ಪಾಠ ಕಲಿತರು. ಹೊಸ ಆಡಳಿತ ಬಂದಾಗ ಮೆಕ್ಯಾನಿಕ್ಕುಗಳೆಲ್ಲ ಒಟ್ಟಾಗಿ ಒಂದೇ ಬೇಡಿಕೆ ಇಟ್ಟು ಗೆದ್ದರು: ಸಾಂತೆರ್ನೋದಲ್ಲಿ ಅಪ್ಪಣೆ ಕೊಡುವವರು ತಮ್ಮದೇ ದನಿಯಲ್ಲಿ ಕೊಡಬೇಕು. ಅಂದಿನಿಂದ ನಮ್ಮಲ್ಲಿ ಅಪ್ಪಣೆಗಳು ಬಹಳ ಕಡಿಮೆಯಾಗಿವೆ.

ಇನ್ನು ಮುಂದೆ ಲೂಗೋದ ತಾಂತ್ರಿಕ ಶಾಲೆಯಲ್ಲಿ ಓರ್ನೆಲ್ಲಾ ಪಾಠ ಹೇಳಲಿದ್ದಾರೆ. ಅವರ ಆಯುಷ್ಯ ಬೆಳೆಯಲಿ, ಮಂಡಿನೋವು ಹೇಳಹೆಸರಿಲ್ಲದಂತೆ ಹೋಗಲಿ, ಶಿಷ್ಯರು ಅವರೊಡನೆ ಧಾರಾಳವಾಗಿ ವಾದಮಾಡಲಿ. ಮತ್ತು ಪಿಟ್ಟಿನ ಗೋಡೆಯ ಬಳಿ ನಿಂತು ಯಾರನ್ನಾದರೂ ಹಿಂದಿಡಲು ಹೊರಟ ಪ್ರತಿ ಕೈಯೂ, ಆ ಕೆಂಪು ಗುಂಡಿಯ ಮೇಲೆ ಇನ್ನೂ ಬಹುಕಾಲ ತಡವರಿಸಲಿ.