ಸೀಮೆಸುಣ್ಣದ ಹೆಸರು

ಖೇಮಚಂದ್ ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಪೇಂಟರ್. ಹಿರಿಯ ಅಧಿಕಾರಿಯ ಕೋಣೆಯ ತೇಗದ ಹಲಗೆಯ ಮೇಲೆ ಆ ಹುದ್ದೆಗೆ ಬಂದವರ ಹೆಸರನ್ನು ಒಂದರ ಕೆಳಗೊಂದು ಬಿಳಿ ಬಣ್ಣದಲ್ಲಿ ಬರೆಯುವುದು ಅವನ ಕೆಲಸ. ಈಚೆಗೆ ರೋಸಿಹೋಗಿ ಸೀಮೆಸುಣ್ಣದಲ್ಲೇ ಬರೆಯುತ್ತಿದ್ದ. ರಾಜ್ಯ ಸರ್ಕಾರ ಕೂರಿಸಿದವರನ್ನು ಕೇಂದ್ರ ಎಬ್ಬಿಸುತ್ತಿತ್ತು. ಕೇಂದ್ರ ಕಳಿಸಿದವರಿಗೆ ರಾಜ್ಯದ ಮಂತ್ರಿಗಳು ಮುಖ ಕೊಡುತ್ತಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಖೇಮಚಂದನ ಓಣಿಯ ನೀರಿನ ಪೈಪು ನಾಲ್ಕು ವರ್ಷದಿಂದ ಆ ಕೋಣೆಯ ಒಂದು ಸಹಿಗಾಗಿ ಕಾಯುತ್ತಿತ್ತು.

ಹೊಸದಾಗಿ ಬಂದ ಅಧಿಕಾರಿ ಶಾಲಿನಿ ಟೋಕಸ್ ಹಲಗೆ ನೋಡಿ ನಕ್ಕರು. "ಏನಪ್ಪಾ, ನಂಗೆ ಬಣ್ಣ ಇಲ್ವಾ?"

"ಬಣ್ಣ ಒಣಗೋಕೆ ಎರಡು ದಿನ ಬೇಕು ಮೇಡಂ. ಅಷ್ಟರಲ್ಲಿ ನಿಮ್ಮ ವರ್ಗಾವಣೆ ಆರ್ಡರ್ ಬಂದ್ಬಿಡುತ್ತೆ."

"ಹಾಗಾದ್ರೆ ಇವತ್ತೇ ಶುರು ಮಾಡೋಣ. ಎಲ್ಲಕ್ಕಿಂತ ಹಳೇ ಫೈಲು ತರೋಕೆ ಹೇಳು."

ನಲವತ್ತೊಂದನೆಯ ದಿನ ಅವರ ವರ್ಗಾವಣೆಯಾಯಿತು. ಅಷ್ಟರಲ್ಲಿ ಖೇಮಚಂದನ ಓಣಿಯ ನಲ್ಲಿಯಲ್ಲಿ ನೀರು ಬಂದಿತ್ತು.

ಅವರ ಜಾಗಕ್ಕೆ ಬಂದ ಅಧಿಕಾರಿ ಹಲಗೆ ನೋಡಿ ಹುಬ್ಬೇರಿಸಿದರು. "ಆಯಮ್ಮನಿಗೆ ಬಣ್ಣ, ನಂಗೆ ಸೀಮೆಸುಣ್ಣ! ಇದ್ಯಾವ ನ್ಯಾಯನಯ್ಯಾ?"

"ಇಲ್ಲಿ ಇರೋವರೆಗೂ ಅವರದ್ದೂ ಸೀಮೆಸುಣ್ಣವೇ ಸಾಹೇಬ್ರೇ. ನಮ್ಮ ಓಣಿಗೆ ನೀರು ಕೊಟ್ಟು ಹೋದ್ರಲ್ಲ, ಅವತ್ತು ಬಣ್ಣ ಕಲಸಿದೆ."

ಅಧಿಕಾರಿ ಕುರ್ಚಿ ಎಳೆದು ಕೂತು ಕೇಳಿದರು:

"ಪಕ್ಕದ ಓಣಿ ಫೈಲು ಎಲ್ಲಿದೆ?"